ಹಿಮದಲ್ಲಿ ಗಿಡವನ್ನು ಕೊಲ್ಲುವುದು ಬರ

ಹೆಪ್ಪುಗಟ್ಟುವ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಅದರಿಂದ ಜೀವಕೋಶಗಳು ಒಡೆದು ಗಿಡ ಸಾಯುತ್ತದೆ ಎಂಬ ವಿವರಣೆ ಎಷ್ಟು ಸಲೀಸಾಗಿದೆಯೆಂದರೆ, ಕೇಳಿದವರು ಮರುಪ್ರಶ್ನೆ ಹಾಕುವುದೇ ಅಪರೂಪ. ಸ್ವಿಸ್ ಸಸ್ಯವಿಜ್ಞಾನಿ ಹರ್ಮನ್ ಮ್ಯುಲರ್-ತುರ್ಗಾವ್ (ಇಂದು ಅವರ ಹೆಸರು ಉಳಿದಿರುವುದು ಹೆಚ್ಚಾಗಿ ಒಂದು ದ್ರಾಕ್ಷಿ ತಳಿಯಲ್ಲಿ) 1880ರ ದಶಕದಲ್ಲೇ ಸಾವಿನ ಕಾರಣವನ್ನು ಬೇರೆಡೆ ಗುರುತಿಸಿದ್ದರು: ಕೋಶ ಒಡೆಯುವುದಿಲ್ಲ, ಒಣಗುತ್ತದೆ.

ಮಂಜುಗಡ್ಡೆ ಸಾಮಾನ್ಯವಾಗಿ ಮೊದಲು ಮೂಡುವುದು ಕೋಶಗಳ ನಡುವಿನ ತೆರಪುಗಳಲ್ಲಿ. ಅಲ್ಲಿನ ನೀರಿನಲ್ಲಿ ಕರಗಿರುವ ಲವಣ, ಸಕ್ಕರೆಗಳು ಕಡಿಮೆ. ಒಂದೇ ಉಷ್ಣಾಂಶದಲ್ಲಿ ದ್ರವರೂಪದ ನೀರಿಗಿಂತ ಮಂಜುಗಡ್ಡೆಯ ಆವಿಯೊತ್ತಡ (ಅಣುಗಳು ಆವಿಯಾಗಿ ಹೊರಬೀಳುವ ಒಲವು) ಕಡಿಮೆಯಿರುವುದರಿಂದ, ಕೋಶದೊಳಗಿನ ನೀರು ಪೊರೆಯನ್ನು ದಾಟಿ ಹೊರಗಿನ ಮಂಜುಗಡ್ಡೆಯನ್ನು ಸೇರುತ್ತ ಹೋಗುತ್ತದೆ. ಮೈನಸ್ 10 ಡಿಗ್ರಿ ಸೆಲ್ಸಿಯಸ್ ತಲುಪುವಷ್ಟರಲ್ಲಿ ಕೋಶದಿಂದ ಹೊರಹೋಗಬಲ್ಲ ನೀರಿನಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಹೋಗಿಬಿಟ್ಟಿರುತ್ತದೆ. ಕುಗ್ಗಿದ ಕೋಶದೊಳಗೆ ಪೊರೆಗಳು ಒಂದಕ್ಕೊಂದು ತಾಗಿ ಬೆಸೆದುಕೊಳ್ಳುತ್ತವೆ. ಹಾಗಾದ ಮೇಲೆ ಹಿಮ ಕರಗಿ ನೀರು ಮರಳಿದರೂ ಅದನ್ನು ಹಿಡಿದಿಡುವ ಶಕ್ತಿ ಅವುಗಳಿಗಿರುವುದಿಲ್ಲ. ಆದ್ದರಿಂದಲೇ ಚಳಿಗೆ ಸಿದ್ಧವಾಗುವ ಸಸ್ಯ ಬರಕ್ಕೆ ಸಿದ್ಧವಾಗುವಂತೆಯೇ ಸಕ್ಕರೆಗಳನ್ನೂ ಡಿಹೈಡ್ರಿನ್ ಎಂಬ ಪ್ರೋಟೀನುಗಳನ್ನೂ ಕೂಡಿಡುತ್ತದೆ, ಜೊತೆಗೆ ಪೊರೆಯ ಕೊಬ್ಬಿನ ಸಂಯೋಜನೆಯನ್ನು ಬದಲಿಸಿಕೊಳ್ಳುತ್ತದೆ. ಸಿದ್ಧತೆಯಿಲ್ಲದಿದ್ದರೆ ಮೈನಸ್ 5 ಡಿಗ್ರಿಯ ಆಸುಪಾಸಿನಲ್ಲಿ ಸಾಯುವ ರೈ ಧಾನ್ಯದ ಸಸಿ, ಹೆಪ್ಪುಗಟ್ಟಿಸದಷ್ಟು ಚಳಿಯಲ್ಲಿ ಕೆಲವು ವಾರ ಪಳಗಿದರೆ ಮೈನಸ್ 30 ಡಿಗ್ರಿಯನ್ನೂ ತಾಳಬಲ್ಲದು.

ಇಲ್ಲಿ ಸೂಕ್ಷ್ಮಜೀವಿಯೊಂದರ ಕೈವಾಡವೂ ಇದೆ. ಶುದ್ಧ ನೀರಿನ ಕಿರುಹನಿ ಮೈನಸ್ 38 ಡಿಗ್ರಿಯವರೆಗೂ ದ್ರವವಾಗಿಯೇ ಉಳಿಯಬಲ್ಲದು; ಅದಕ್ಕೂ ಮೊದಲು ಹೆಪ್ಪುಗಟ್ಟಬೇಕಾದರೆ ಹಿಮದ ಹರಳು ಮೂಡಲು ಆಸರೆಯಾಗುವ ಯಾವುದಾದರೂ ಬೀಜಕಣ ಬೇಕು. ಎಲೆಗಳ ಮೇಲೆ ಬದುಕುವ ಸ್ಯೂಡೋಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾದ ಹೊರಪೊರೆಯ ಪ್ರೋಟೀನು ನೀರಿನ ಅಣುಗಳನ್ನು ಹಿಮದ ವಿನ್ಯಾಸದಲ್ಲಿ ಜೋಡಿಸಿ, ಮೈನಸ್ 2 ಡಿಗ್ರಿಯಲ್ಲೇ ಹೆಪ್ಪುಗಟ್ಟಿಸುತ್ತದೆ. ಈ ಪ್ರೋಟೀನಿನ ವಂಶವಾಹಿಯನ್ನು ತೆಗೆದುಹಾಕಿದ ಬ್ಯಾಕ್ಟೀರಿಯಾವನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಬೆಳೆಗೆ ಸಿಂಪಡಿಸಿದ್ದು, ಕುಲಾಂತರಿ ಸೂಕ್ಷ್ಮಜೀವಿಗಳನ್ನು ಬಯಲಿಗೆ ಬಿಟ್ಟ ಮೊದಲ ಪ್ರಯೋಗಗಳಲ್ಲೊಂದು. ಇದಕ್ಕೆ ಅವಕಾಶ ಕೊಡಬಹುದೇ ಎಂಬುದರ ಸುತ್ತ ವರ್ಷಗಳ ಕಾಲ ನಡೆದ ವ್ಯಾಜ್ಯಕ್ಕೆ ಹೋಲಿಸಿದರೆ ಸಿಂಪಡಣೆ ತೀರ ಚಿಕ್ಕ ಘಟನೆ.

ಹಾಗೆಂದು ಬೇಗ ಮೂಡುವ ಹಿಮ ಎಲ್ಲ ಸಸ್ಯಗಳಿಗೂ ಶತ್ರುವಲ್ಲ. ಚಳಿಗೆ ಪಳಗಿದ ಸಸ್ಯದಲ್ಲಿ ಕೋಶಗಳ ಹೊರಗೆ ನಿಧಾನವಾಗಿ ಹಿಮ ಬೆಳೆದರೆ ಒಳಗಿನ ನೀರು ಹೊರಬರಲು ಸಮಯ ಸಿಗುತ್ತದೆ, ಒಳಗೇ ಹರಳುಗಟ್ಟುವ ಮಾರಕ ಅಪಾಯ ತಪ್ಪುತ್ತದೆ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಸಕಾಯ್ ಇದನ್ನು ಅದರ ತುದಿಯವರೆಗೂ ಒಯ್ದರು. ಚಳಿಗಾಲದ ಮರಗಳ ರೆಂಬೆಗಳನ್ನು ಮೊದಲು ಮೈನಸ್ 30 ಡಿಗ್ರಿಯವರೆಗೆ ನಿಧಾನವಾಗಿ ತಣಿಸಿ, ಬಳಿಕ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿದರೂ ಅವು ಬದುಕಿದವು ಎಂದು ಅವರು 1960ರಲ್ಲಿ ವರದಿ ಮಾಡಿದರು. ಆ ಹೊತ್ತಿಗೆ ಕೋಶಗಳೊಳಗೆ ಹೆಪ್ಪುಗಟ್ಟಬಲ್ಲ ನೀರು ಬಹುತೇಕ ಉಳಿದಿರಲಿಲ್ಲ.