ವಯಸ್ಸಾದ ನಾಯಿಗೆ ಕೊಲಾಜೆನ್ ಕೊಟ್ಟರೆ ಕೀಲುನೋವು ಕಡಿಮೆಯಾಗುತ್ತದೆಯೇ?

ಪ್ರಶ್ನೆ: ನಮ್ಮ ನಾಯಿಗೆ ಹತ್ತು ವರ್ಷ ತುಂಬಿದೆ. ಮಲಗಿದಲ್ಲಿಂದ ಏಳುವಾಗ ಹಿಂಗಾಲು ಬಿಗಿದುಕೊಂಡು ನಾಲ್ಕು ಹೆಜ್ಜೆ ಕುಂಟುತ್ತದೆ. ಕೊಲಾಜೆನ್ ಪುಡಿ ಕೊಟ್ಟರೆ ಸವೆದ ಕೀಲು ಮತ್ತೆ ಬೆಳೆಯುತ್ತದೆ ಎನ್ನುತ್ತಾರೆ. ಇದು ನಿಜವೇ? ಬೆಕ್ಕಿಗೂ ಕೊಡಬಹುದೇ?

ಉತ್ತರ: ಕೊಲಾಜೆನ್ ತಿನ್ನಿಸಿದ ಮಾತ್ರಕ್ಕೆ ಸವೆದ ಮೃದ್ವಸ್ಥಿ (ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದಿಸಿರುವ ಮೆತ್ತನೆಯ ಪದರ) ಮತ್ತೆ ಬೆಳೆಯುವುದಿಲ್ಲ. ಆದರೆ ಕೆಲವು ನಾಯಿಗಳ ನೋವು ಸ್ವಲ್ಪ ತಗ್ಗಬಹುದು. ಈ ಎರಡು ಮಾತುಗಳ ನಡುವಿನ ಅಂತರವನ್ನು ತಿಳಿದುಕೊಂಡರೆ, ಏನನ್ನು ಕೊಡಬೇಕು, ಅದರಿಂದ ಎಷ್ಟನ್ನು ನಿರೀಕ್ಷಿಸಬೇಕು ಎಂಬುದು ಸ್ಪಷ್ಟವಾಗುತ್ತದೆ.

ಸಸ್ತನಿಗಳ ದೇಹದಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಸುಮಾರು ಶೇ. 30ರಷ್ಟು ಕೊಲಾಜೆನ್ ಆಗಿದೆ. ಚರ್ಮ, ಮೂಳೆ ಮತ್ತು ಸ್ನಾಯುರಜ್ಜುಗಳಲ್ಲಿ ಮೊದಲನೆಯ ಬಗೆಯದು, ಕೀಲಿನ ಮೃದ್ವಸ್ಥಿಯಲ್ಲಿ ಎರಡನೆಯ ಬಗೆಯದು ಹೆಚ್ಚಾಗಿರುತ್ತದೆ. ನಾಯಿ ತಿಂದ ಕೊಲಾಜೆನ್ ಇಡಿಯಾಗಿ ಕೀಲಿಗೆ ಹೋಗಿ ಕೂರುವುದಿಲ್ಲ; ಬೇರೆ ಪ್ರೋಟೀನುಗಳಂತೆಯೇ ಅದೂ ಜೀರ್ಣಗೊಂಡು ಅಮೈನೋ ಆಮ್ಲಗಳಾಗಿ ಮತ್ತು ಸಣ್ಣ ತುಣುಕುಗಳಾಗಿ ಒಡೆಯುತ್ತದೆ, ಅವನ್ನು ಎಲ್ಲಿ ಬಳಸಬೇಕೆಂಬುದನ್ನು ದೇಹವೇ ನಿರ್ಧರಿಸುತ್ತದೆ.

ಕೊಲಾಜೆನ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ, ಗೊಂದಲದ ಮೂಲವೂ ಇದೇ. ಮೊದಲನೆಯದು, ಮೊದಲೇ ಚೂರುಮಾಡಿದ ಕೊಲಾಜೆನ್ ಪೆಪ್ಟೈಡ್‌ಗಳ ಪುಡಿ. ಇದನ್ನು ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ, ಸುಲಭವಾಗಿ ಜೀರ್ಣವಾಗುತ್ತದೆ. ಎರಡನೆಯದು, ಮೂಲ ರಚನೆಯನ್ನು ಕೆಡಿಸದೆ ಉಳಿಸಿದ ಎರಡನೆಯ ಬಗೆಯ ಕೊಲಾಜೆನ್. ನಾಯಿಗಳ ಮೇಲಿನ ಪ್ರಯೋಗಗಳಲ್ಲಿ ಇದನ್ನು ದಿನಕ್ಕೆ ಕೇವಲ 40 ಮಿಲಿಗ್ರಾಂ ಕೊಡಲಾಗಿದೆ. ಇಷ್ಟು ಕಡಿಮೆ ಪ್ರಮಾಣ ಪೋಷಣೆಗೆ ಸಾಲದು. ಅದರ ಉದ್ದೇಶವೂ ಅದಲ್ಲ. ಸಣ್ಣ ಕರುಳಿನಲ್ಲಿರುವ ರೋಗನಿರೋಧಕ ಕೋಶಗಳು ಇದನ್ನು ಗುರುತಿಸಿ, ಕೀಲಿನ ಕೊಲಾಜೆನ್ ಮೇಲೆ ನಡೆಯುತ್ತಿರುವ ಉರಿಯೂತದ ದಾಳಿಯನ್ನು ಶಮನಗೊಳಿಸುತ್ತವೆ ಎಂಬುದು ಇದರ ಹಿಂದಿರುವ ವಿವರಣೆ. ಬಿಸಿಯಾದರೆ ಆ ಮೂಲ ರಚನೆ ಕೆಡುವುದರಿಂದ ಇದನ್ನು ಬಿಸಿ ಆಹಾರದಲ್ಲಿ ಕಲಸಬಾರದು.

ಹಾಗಾದರೆ ಪುರಾವೆ ಎಷ್ಟಿದೆ? ನಾಯಿ ಮತ್ತು ಬೆಕ್ಕುಗಳ ಕೀಲುಸವೆತಕ್ಕೆ ಕೊಡುವ ಆಹಾರ ಮತ್ತು ಪೂರಕಗಳ ಕುರಿತ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಒಮೆಗಾ-3 ಕೊಬ್ಬಿನಾಮ್ಲಗಳಿಗೆ ನೋವು ತಗ್ಗಿಸುವ ಗುಣ ಸ್ಪಷ್ಟವಾಗಿ ಕಂಡಿತು, ಕೊಲಾಜೆನ್‌ನ ಪರಿಣಾಮ ದುರ್ಬಲವಾಗಿತ್ತು, ಕೀಲಿಗೆಂದು ಕೊಡುವ ಇನ್ನೆರಡು ಪೂರಕಗಳಾದ ಗ್ಲೂಕೋಸಮೈನ್ ಮತ್ತು ಕಾಂಡ್ರಾಯಿಟಿನ್‌ಗಳಿಂದ ಪ್ರಯೋಜನ ಕಾಣಲಿಲ್ಲ. ಇದರೊಂದಿಗೆ ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಔಷಧವಿಲ್ಲದ ಹುಸಿಮಾತ್ರೆ ಪಡೆದ ಕುಂಟುವ ನಾಯಿಗಳನ್ನು ಗಮನಿಸಿದ 2012ರ ಅಧ್ಯಯನವೊಂದರಲ್ಲಿ, ಒಡೆಯರು ಮಾಡಿದ ಅಂದಾಜುಗಳ ಪೈಕಿ ಸುಮಾರು ಶೇ. 40ರಷ್ಟರಲ್ಲಿ, ನಿಜಕ್ಕೂ ಇಲ್ಲದ ಸುಧಾರಣೆ ಅವರಿಗೆ ಕಂಡಿತ್ತು. ಪಶುವೈದ್ಯರ ಕಣ್ಣೂ ಹೀಗೆಯೇ ತಪ್ಪಿತ್ತು. ಪ್ರೀತಿಯಿಂದ ನೋಡುವ ಕಣ್ಣು ಗುಣವನ್ನು ಬೇಗ ಕಾಣುತ್ತದೆ. ಆದ್ದರಿಂದ ಪೂರಕ ಆರಂಭಿಸುವ ಮುನ್ನ ನಾಯಿ ಏಳುವ, ನಡೆಯುವ, ಮೆಟ್ಟಿಲು ಹತ್ತುವ ವಿಡಿಯೊ ತೆಗೆದಿಟ್ಟುಕೊಳ್ಳಿ. ಮೂರು ತಿಂಗಳ ಬಳಿಕ ಅದೇ ಜಾಗದಲ್ಲಿ, ದಿನದ ಅದೇ ಹೊತ್ತಿಗೆ ಮತ್ತೆ ತೆಗೆದು ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸುವುದೇ ಸರಿ.

ನನ್ನ ಅಭಿಪ್ರಾಯದಲ್ಲಿ, ಇದೆಲ್ಲಕ್ಕಿಂತ ಮೊದಲು ನಾಯಿಯನ್ನು ತೂಕ ಮಾಡಿಸಬೇಕು. 48 ಲ್ಯಾಬ್ರಡಾರ್ ನಾಯಿಗಳನ್ನು ಅವುಗಳ ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದರಲ್ಲಿ, ಶೇ. 25ರಷ್ಟು ಕಡಿಮೆ ಆಹಾರ ಪಡೆದು ತೆಳ್ಳಗೆ ಉಳಿದ ನಾಯಿಗಳಿಗೆ ಕೀಲುಸವೆತ ತಡವಾಗಿ ಬಂತು, ಅವುಗಳ ಆಯಸ್ಸೂ ಸುಮಾರು 1.8 ವರ್ಷ ಹೆಚ್ಚಾಯಿತು. ಯಾವ ಕೊಲಾಜೆನ್ ಪುಡಿಯೂ ಇಷ್ಟನ್ನು ಸಾಧಿಸಿ ತೋರಿಸಿಲ್ಲ.

ಬೆಕ್ಕಿನ ವಿಷಯದಲ್ಲಿ ಪುರಾವೆ ಇನ್ನೂ ಕಡಿಮೆ. ವಯಸ್ಸಾದ ಬೆಕ್ಕುಗಳಲ್ಲಿ ಕೀಲುಸವೆತ ಸಾಮಾನ್ಯವೇ. ಆದರೆ ಅವು ಕುಂಟುವುದಕ್ಕಿಂತ ಹೆಚ್ಚಾಗಿ ಎತ್ತರಕ್ಕೆ ಜಿಗಿಯುವುದನ್ನು ಬಿಡುತ್ತವೆ, ಮೈ ನೆಕ್ಕಿಕೊಳ್ಳುವುದನ್ನು ಕಡಿಮೆ ಮಾಡುತ್ತವೆ. ಕೊಲಾಜೆನ್‌ನಲ್ಲಿ ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೋ ಆಮ್ಲ ಇಲ್ಲ, ಬೆಕ್ಕಿಗೆ ಅನಿವಾರ್ಯವಾದ ಟಾರಿನ್ ಕೂಡ ಇಲ್ಲ. ಹಾಗಾಗಿ ಅದು ಮಾಂಸದ ಪ್ರೋಟೀನಿಗೆ ಬದಲಿಯಾಗಲಾರದು.

ಆರೋಗ್ಯವಂತ ಪ್ರಾಣಿಗಳಿಗೆ ಕೊಲಾಜೆನ್ ಸಾಮಾನ್ಯವಾಗಿ ಸುರಕ್ಷಿತ. ಆದರೂ ಅದರಲ್ಲಿರುವ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲದ ಒಂದು ಭಾಗ ದೇಹದಲ್ಲಿ ಆಕ್ಸಲೇಟ್ ಆಗಿ ಮಾರ್ಪಡುವುದರಿಂದ, ಮೂತ್ರದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲುಗಳಾಗಿದ್ದ ಪ್ರಾಣಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಕೋಳಿ, ದನ ಅಥವಾ ಮೀನಿನ ಅಲರ್ಜಿಯಿದ್ದರೆ ಕೊಲಾಜೆನ್ ಯಾವುದರಿಂದ ತೆಗೆದದ್ದೆಂದು ಪರೀಕ್ಷಿಸಿ. ಮನುಷ್ಯರಿಗಾಗಿ ತಯಾರಿಸಿದ ಸಿಹಿ ಪುಡಿಗಳಲ್ಲಿ ಸಕ್ಕರೆಗೆ ಬದಲಾಗಿ ಬಳಸುವ ಕ್ಸೈಲಿಟಾಲ್ ಇರಬಹುದು, ಅದು ನಾಯಿಗೆ ಪ್ರಾಣಾಂತಕ ವಿಷ.

ನಿಮ್ಮ ನಾಯಿಯ ಕುಂಟಿಗೆ ಕೀಲುಸವೆತವೇ ಕಾರಣವೆಂದು ಇನ್ನೂ ಖಚಿತವಾಗಿಲ್ಲ. ಹರಿದ ಅಸ್ಥಿರಜ್ಜು, ಬೆನ್ನುಹುರಿಯ ತೊಂದರೆ ಅಥವಾ ಮೂಳೆಯ ಗೆಡ್ಡೆಯೂ ಆರಂಭದಲ್ಲಿ ಹೀಗೆಯೇ ಕಾಣಬಹುದು. ಆದ್ದರಿಂದ ಮೂರು ತಿಂಗಳ ಪರೀಕ್ಷೆಯನ್ನು ಪಶುವೈದ್ಯರು ಕಾಲನ್ನು ಮುಟ್ಟಿ ನೋಡಿದ ನಂತರವೇ ಆರಂಭಿಸಿ. ನಡುವೆ ನಾಯಿ ಕಾಲೂರುವುದನ್ನೇ ಬಿಟ್ಟರೆ ಅಥವಾ ಊಟ ಬಿಟ್ಟರೆ ಆ ಅವಧಿ ಮುಗಿಯುವವರೆಗೆ ಕಾಯಬೇಡಿ.