ಗುಟ್ಟಿನ ಸಂಘದ ಹೆಸರುಪಟ್ಟಿ ಸರ್ಕಾರದ ಕಪಾಟಿನಲ್ಲಿ

ಪ್ರಶ್ನೆ: ಫ್ರೀಮೇಸನ್ ಅನ್ನುವ ಗುಟ್ಟಿನ ಸಂಘದವರು ಒಳಗಿನ ವಿಷಯ ಹೊರಗೆ ಬಿಡುವುದೇ ಇಲ್ಲ ಅಂತಾರೆ. ಹಾಗಿದ್ದರೂ ಇಂಗ್ಲೆಂಡಿನ ಒಂದೊಂದು ಕೌಂಟಿಗೂ (ನಮ್ಮ ಜಿಲ್ಲೆಯ ಹಾಗೆ) ಅವರ ಇತಿಹಾಸ ಅಂತ ಬರೆದಿರುತ್ತಾರೆ. ಅದೆಲ್ಲ ಗೊತ್ತಾಗಿದ್ದು ಹೇಗೆ? ಸುಮ್ನೆ ಕಟ್ಟುಕಥೆಯಾ?

ಕಟ್ಟುಕಥೆಯೂ ಬೇಕಾದಷ್ಟಿದೆ, ಆದರೆ ಎಲ್ಲವೂ ಅಲ್ಲ. ಅವರು ಬಚ್ಚಿಟ್ಟಿದ್ದು ಒಬ್ಬರನ್ನೊಬ್ಬರು ಗುರುತು ಹಿಡಿಯುವ ಸನ್ನೆ, ಗುಟ್ಟಿನ ಮಾತು, ಸೇರಿಸಿಕೊಳ್ಳುವಾಗಿನ ಶಾಸ್ತ್ರ. ಯಾರು ಸೇರಿದರು, ಎಲ್ಲಿ ಕೂಡುತ್ತಿದ್ದರು, ಯಾರ ಜೊತೆ ಜಗಳ ಆಡಿದರು ಅನ್ನುವುದಕ್ಕೆ ಕಾಗದ ಪತ್ರ ಇದೆ. ಲ್ಯಾಂಕಷೈರ್ ಕೌಂಟಿಯ ಕಥೆಯನ್ನೇ ನೋಡಿ.

ಮೊದಲೇ ಒಂದು ಮಾತು. ನಮಗೆ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡ್ ಎದುರು ಸಿಗುವ ರೂಮು. ಇವರಿಗೆ ಲಾಡ್ಜ್ ಅಂದರೆ ಒಂದು ಊರಿನ ಮೇಸನ್‌ಗಳ ಕೂಟ. ಮೇಸನ್ ಅಂದರೆ ಕಲ್ಲು ಕಟ್ಟುವವನು. ಆದರೆ ನಾವು ಹೇಳುವ ಕಾಲಕ್ಕೆ ಚಾಣ ಹಿಡಿಯದವರೂ ಸೇರತೊಡಗಿದ್ದರು.

ಅಂಥವರಲ್ಲಿ ಒಬ್ಬರು ಇಲಿಯಾಸ್ ಆಶ್ಮೋಲ್. ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂ ಇವರ ಹೆಸರಿನದೇ. 1646ರ ಅಕ್ಟೋಬರ್ 16ರಂದು, ಸಂಜೆ ನಾಲ್ಕೂವರೆಗೆ, ಆಗ ಲ್ಯಾಂಕಷೈರ್‌ನಲ್ಲಿದ್ದ ವಾರಿಂಗ್ಟನ್ ಊರಲ್ಲಿ ತನ್ನನ್ನು ಫ್ರೀಮೇಸನ್ ಮಾಡಿದರು ಅಂತ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಜೊತೆಗೇ ಸೇರಿದವರು ಕರ್ನಲ್ ಹೆನ್ರಿ ಮೇನ್‌ವೇರಿಂಗ್. ಆಗಷ್ಟೇ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ನಡೆದಿತ್ತು. ಆಶ್ಮೋಲ್ ರಾಜನ ಕಡೆಯವರು, ಮೇನ್‌ವೇರಿಂಗ್ ಪಾರ್ಲಿಮೆಂಟಿನ ಕಡೆಯವರು. ಇಬ್ಬರೂ ಒಂದೇ ದಿನ ಒಂದೇ ಕೂಟಕ್ಕೆ! ಅಲ್ಲಿದ್ದವರ ಹೆಸರನ್ನೂ ಆಶ್ಮೋಲ್ ಬರೆದಿಟ್ಟಿದ್ದಾರೆ, ಅದರಲ್ಲಿ ಒಬ್ಬ ರಿಚರ್ಡ್ ಸ್ಯಾಂಕಿ. (ಬೆಂಗಳೂರಿನ ಸ್ಯಾಂಕಿ ಕೆರೆಯ ರಿಚರ್ಡ್ ಸ್ಯಾಂಕಿ ಬೇರೆ, ಅವರು ಇನ್ನೂರು ವರ್ಷ ಆಮೇಲಿನವರು.) ಮೇಸನ್‌ಗಳ ಹಳೆಯ ಕಟ್ಟಳೆಗಳ ಒಂದು ಕೈಬರಹದ ಪ್ರತಿಯೂ ಉಳಿದಿದೆ. ಅದರ ಕೊನೆಗೆ ಎಡ್ವರ್ಡ್ ಸ್ಯಾಂಕಿ ಅಂತ ಹೆಸರು, ಅದೇ ಅಕ್ಟೋಬರ್ 16ರ ತಾರೀಕು. ಕಾಕತಾಳೀಯ ಅಂತ ನನಗಂತೂ ಅನ್ನಿಸುವುದಿಲ್ಲ.

ಲಂಡನ್ನಿನಲ್ಲಿ ಗ್ರ್ಯಾಂಡ್ ಲಾಡ್ಜ್, ಅಂದರೆ ಊರೂರಿನ ಲಾಡ್ಜ್‌ಗಳ ಮೇಲಿನ ದೊಡ್ಡ ಸಂಸ್ಥೆ, ಹುಟ್ಟಿದ್ದು 1717ರಲ್ಲಿ ಅಂತ ಅವರೇ ಹೇಳಿಕೊಳ್ಳುತ್ತಾರೆ. 1721 ಅಂತ ವಾದಿಸುವ ಇತಿಹಾಸಕಾರರೂ ಇದ್ದಾರೆ. ಯಾವುದಾದರೂ ಆಗಲಿ, ವಾರಿಂಗ್ಟನ್ನಿನ ಆ ಸಂಜೆ ಅದಕ್ಕಿಂತ ಎಪ್ಪತ್ತು ವರ್ಷ ಹಳೆಯದು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು 1799ರಲ್ಲಿ. ಫ್ರಾನ್ಸಿನಲ್ಲಿ ಕ್ರಾಂತಿಯಾಗಿ ರಾಜನ ತಲೆ ಉರುಳಿತ್ತು. ಹಿಂದಿನ ವರ್ಷವಷ್ಟೇ ಐರ್ಲೆಂಡ್ ದಂಗೆ ಎದ್ದಿತ್ತು. ಪ್ರಧಾನಿ ಪಿಟ್ ಸರ್ಕಾರಕ್ಕೆ ಬಾಗಿಲು ಹಾಕಿಕೊಂಡು ಆಣೆ ಪ್ರಮಾಣ ಮಾಡುವವರನ್ನು ಕಂಡರೆ ದಿಗಿಲು. ಅಂಥ ಸಂಘಗಳನ್ನೆಲ್ಲ ನಿಷೇಧಿಸುವ ಕಾನೂನು ಬಂತು. ಮೇಸನ್‌ಗಳ ದೊಡ್ಡವರು ಹೋಗಿ ಮಾತಾಡಿ ತಮ್ಮವರಿಗೆ ವಿನಾಯಿತಿ ತಂದರು. ಆದರೆ ಸುಮ್ನೆ ಅಲ್ಲ, ಷರತ್ತಿನ ಮೇಲೆ. ಪ್ರತಿ ಲಾಡ್ಜೂ ತಾನು ಕೂಡುವ ಜಾಗ, ಸಮಯ, ಸದಸ್ಯರ ಹೆಸರು, ವಾಸ, ಕಸುಬು ಇಷ್ಟನ್ನೂ ಪ್ರತಿ ವರ್ಷ ಕೌಂಟಿ ನ್ಯಾಯಾಲಯದ ಅಧಿಕಾರಿಗೆ ಬರೆದು ಕೊಡಬೇಕಿತ್ತು.

ಹೀಗೆ ಗುಟ್ಟಿನ ಸಂಘದ ಪಟ್ಟಿ ಕೌಂಟಿ ನ್ಯಾಯಾಲಯದ ಕಡತ ಸೇರಿತು. ಈ ಕಾನೂನು ಪೂರ್ತಿ ರದ್ದಾಗಿದ್ದು 1967ರಲ್ಲಿ! ಇವತ್ತು ಇಂಗ್ಲೆಂಡಿನ ಕೌಂಟಿ ಇತಿಹಾಸ ಬರೆಯುವವರಿಗೆ ಈ ಪಟ್ಟಿಗಳು ಸಿಕ್ಕಿದ್ದೇ ಪುಣ್ಯ. ಯಾವ ಊರಲ್ಲಿ ಎಂಥ ಕಸುಬಿನವರು ಸೇರುತ್ತಿದ್ದರು ಅಂತ ಅದರಿಂದ ತಿಳಿಯುತ್ತದೆ. ಕಣ್ಣಿಡಲು ಮಾಡಿದ ಕಾನೂನು ಕೊನೆಗೆ ಕೆಲಸಕ್ಕೆ ಬಂದಿದ್ದು ಮುತ್ತಜ್ಜನನ್ನು ಹುಡುಕುವವರಿಗೆ.

ಜಗಳಗಳೂ ಕಾಗದ ಉಳಿಸುತ್ತವೆ. ಇಂಗ್ಲೆಂಡಿನಲ್ಲಿ ಆ ಹೊತ್ತಿಗೆ ಎರಡಾಗಿದ್ದ ಗ್ರ್ಯಾಂಡ್ ಲಾಡ್ಜ್‌ಗಳು 1813ರಲ್ಲಿ ಒಂದಾದವು. ಲ್ಯಾಂಕಷೈರ್‌ನ ಲಿವರ್‌ಪೂಲ್, ವಿಗನ್ ಕಡೆಯ ಕೆಲವರಿಗೆ ಅದು ಸರಿಹೋಗಲಿಲ್ಲ. ಲಂಡನ್ನಿನವರು ನಮ್ಮ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ ಅಂತ ಸಿಟ್ಟು. 1823ರಲ್ಲಿ ತಮ್ಮದೇ ಗ್ರ್ಯಾಂಡ್ ಲಾಡ್ಜ್ ಕಟ್ಟಿಕೊಂಡರು. ಆಮೇಲೆ 1826ರಲ್ಲಿ ಲಂಡನ್ ಈ ಕೌಂಟಿಯನ್ನು ಪೂರ್ವ, ಪಶ್ಚಿಮ ಅಂತ ಎರಡು ಪ್ರಾಂತ್ಯ ಮಾಡಿತು. ವಿಗನ್ನಿನವರು ಮಾತ್ರ ಜಗ್ಗಲಿಲ್ಲ. ಒಂದೊಂದೇ ಲಾಡ್ಜ್ ಉದುರಿ, ಉಳಿದ ಕೊನೆಯದು ಲಂಡನ್ನಿನ ಅಡಿ ವಾಪಸ್ ಬಂದಿದ್ದು 1913ರಲ್ಲಿ. ತೊಂಬತ್ತು ವರ್ಷದ ಮುನಿಸು!

ನಿಮಗೇ ಹುಡುಕಬೇಕು ಅನ್ನಿಸಿದರೆ, 1751ರಿಂದ 1921ರವರೆಗಿನ ಗ್ರ್ಯಾಂಡ್ ಲಾಡ್ಜ್ ಸದಸ್ಯರ ರಿಜಿಸ್ಟರ್‌ಗಳು ವಂಶಾವಳಿ ಹುಡುಕುವವರ ಆನ್‌ಸೆಸ್ಟ್ರಿ ಜಾಲತಾಣದಲ್ಲಿವೆ. ಲ್ಯಾಂಕಷೈರ್ ಕೌಂಟಿಯ ದಾಖಲೆಗಳು ಇರುವುದು ಪ್ರೆಸ್ಟನ್ ಊರಲ್ಲಿ. ವಾರಿಂಗ್ಟನ್ ಹುಡುಕುವವರು ಒಂದು ಜ್ಞಾಪಕ ಇಟ್ಟುಕೊಳ್ಳಿ. ಆ ಊರು 1974ರಲ್ಲಿ ಚೆಷೈರ್ ಕೌಂಟಿಗೆ ಹೋಯಿತು. 1799ರ ಕಾನೂನಿನ ಕಾಲಕ್ಕೆ ಅದು ಇದ್ದದ್ದು ಲ್ಯಾಂಕಷೈರ್‌ನಲ್ಲೇ.