ಟ್ರೇಲರ್ ಹಿಚ್‌ನ ಬಾರ್‌ಗಳನ್ನು ಎಷ್ಟು ಬಿಗಿ ಮಾಡಬೇಕು?

ಪ್ರಶ್ನೆ: ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಎಳೆಯುವ ಚಕ್ರದ ಮನೆ) ಎಳೆಯಲು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅಂದರೆ ಭಾರ ಹಂಚುವ ಜೋಡಣೆ ತಂದಿದ್ದೇನೆ. ಟ್ರೇಲರನ್ನು ಬಾಲ್ (ಗಾಡಿಯ ಹಿಂದಿರುವ ಕಬ್ಬಿಣದ ಗುಂಡು) ಮೇಲೆ ಕೂರಿಸಿದ ತಕ್ಷಣ ಗಾಡಿಯ ಹಿಂಭಾಗ ಕುಸಿಯುತ್ತದೆ. ಸ್ಪ್ರಿಂಗ್ ಬಾರ್‌ಗಳ ಚೈನ್ ಬಿಗಿ ಮಾಡಿದರೆ ಮೇಲೆ ಬರುತ್ತದೆ. ಹಿಂಭಾಗ ಮೊದಲಿನ ಎತ್ತರಕ್ಕೆ ಬರುವವರೆಗೂ ಬಿಗಿ ಮಾಡುತ್ತಾ ಹೋಗಬಹುದಾ?

ಉತ್ತರ: ಹಾಗೆ ಮಾಡಬೇಡಿ. ಹಿಂಭಾಗ ತುಸು ಕೆಳಗೇ ಉಳಿಯಲಿ. ಎಷ್ಟು ಬಿಗಿ ಸಾಕು ಅನ್ನುವುದು ಗೊತ್ತಾಗುವುದು ಗಾಡಿಯ ಮುಂದಿನ ಚಕ್ರದ ಹತ್ತಿರ. ಟೇಪು ಹಿಡಿದು ಅಲ್ಲಿಗೆ ಹೋಗಿ.

ಟ್ರೇಲರ್ ಕೂರಿಸಿದಾಗ ಎಲ್ಲರ ಕಣ್ಣಿಗೆ ಬೀಳುವುದು ಹಿಂದಿನ ಕುಸಿತ. ಮುಂಭಾಗ ಎರಡು ಮೂರು ಸೆಂಟಿಮೀಟರ್ ಎದ್ದದ್ದು ಯಾರಿಗೂ ಕಾಣುವುದಿಲ್ಲ. ಆದರೆ ಗಾಡಿ ತಿರುಗುವುದು ಮುಂದಿನ ಚಕ್ರಗಳಿಂದ. ಬ್ರೇಕ್ ಒತ್ತಿದಾಗ ಜಾಸ್ತಿ ಕೆಲಸ ಮಾಡುವುದೂ ಅವೇ. ಅವುಗಳ ಮೇಲಿನ ಭಾರ ಇಳಿದರೆ ಸ್ಟಿಯರಿಂಗ್ ಹಗುರವಾಗುತ್ತದೆ, ತಿರುವಿನಲ್ಲಿ ಗಾಡಿ ತಡವಾಗಿ ತಿರುಗುತ್ತದೆ. ಈ ಹಿಚ್ ಇರುವುದೇ ಆ ಭಾರವನ್ನು ವಾಪಸ್ ಮುಂದಕ್ಕೆ ಕಳಿಸಲು.

ಒಂದು ಸಣ್ಣ ಲೆಕ್ಕ ಹಾಕೋಣ. ಗಾಡಿಯ ಎರಡು ಆಕ್ಸಲ್‌ಗಳ ನಡುವೆ 3 ಮೀಟರ್ ಇದೆ. ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದೆ ಬಾಲ್ ಇದೆ. ಅದರ ಮೇಲೆ ಟ್ರೇಲರ್ 300 ಕೆಜಿ ಭಾರ ಹಾಕುತ್ತದೆ ಅಂತಿಟ್ಟುಕೊಳ್ಳಿ. ಬಾಲ್ ಆಕ್ಸಲ್‌ಗಿಂತ ಆಚೆ ಇರುವುದರಿಂದ ಇಡೀ ಗಾಡಿ ಸನ್ನೆಗೋಲಿನಂತೆ ಆಗುತ್ತದೆ. ಹಿಂದಿನ ಆಕ್ಸಲ್ ಮೇಲೆ 420 ಕೆಜಿ ಏರುತ್ತದೆ, ಮುಂದಿನದರ ಮೇಲಿನಿಂದ 120 ಕೆಜಿ ಇಳಿಯುತ್ತದೆ. 300 ಕೆಜಿ ಇಟ್ಟರೂ ಹಿಂದೆ 420 ಬಿದ್ದದ್ದು ಹೀಗೆ.

ಈಗ ಬಾರ್‌ಗಳ ಕೆಲಸ ನೋಡಿ. ಅವುಗಳ ಒಂದು ತುದಿ ಹಿಚ್‌ನ ತಲೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಇನ್ನೊಂದನ್ನು ಚೈನ್ ಟ್ರೇಲರ್‌ನ ಚೌಕಟ್ಟಿಗೆ ಎಳೆದು ಹಿಡಿಯುತ್ತದೆ. ಗಾಡಿಯ ಹಿಂಬದಿಗೆ ಎರಡು ಉದ್ದದ ಹಾರೆ ಸಿಕ್ಕಿಸಿ, ಅವುಗಳ ತುದಿ ಹಿಡಿದು ಮೇಲಕ್ಕೆ ಎತ್ತಿದಂತೆ. ಹಿಂಭಾಗ ಏಳುತ್ತದೆ, ಮುಂಭಾಗ ಕೆಳಗೆ ಒತ್ತುತ್ತದೆ. ಎತ್ತುವ ಕೈಯ ಜಾಗದಲ್ಲಿ ಟ್ರೇಲರ್ ಇರುವುದರಿಂದ ಅದರ ಚಕ್ರಗಳ ಮೇಲೂ ಸ್ವಲ್ಪ ಭಾರ ಬೀಳುತ್ತದೆ. ಮೇಲಿನ ಲೆಕ್ಕದಲ್ಲಿ ಕಳೆದುಹೋದ 120 ಕೆಜಿಯಲ್ಲಿ ಅರ್ಧ, ಅಂದರೆ 60 ಕೆಜಿ ಮುಂದಕ್ಕೆ ಬಂತು ಅನ್ನಿ. ಟ್ರೇಲರ್‌ನ ಚಕ್ರಗಳು ಬಾಲ್‌ನಿಂದ 5 ಮೀಟರ್ ದೂರ ಇದ್ದರೆ ಅವುಗಳ ಮೇಲೆ ಸುಮಾರು 29 ಕೆಜಿ ಹೆಚ್ಚುತ್ತದೆ. ಗಾಡಿಯ ಹಿಂದಿನ ಆಕ್ಸಲ್ ಮೇಲೆ ಈಗ 420 ಅಲ್ಲ, ಸುಮಾರು 331 ಕೆಜಿ. ಒಟ್ಟು ಭಾರ ಒಂದು ಕೆಜಿಯೂ ಕಡಿಮೆಯಾಗಿಲ್ಲ, ಹಂಚಿಕೆ ಮಾತ್ರ ಬದಲಾಗಿದೆ. ಹಾಗಾಗಿ ಈ ಹಿಚ್ ಹಾಕಿದ್ದಕ್ಕೆ ಗಾಡಿಯ ಗರಿಷ್ಠ ಎಳೆಯುವ ಮಿತಿ ಹೆಚ್ಚಾಗುವುದಿಲ್ಲ.

ಹಾಗಾದರೆ ಅರ್ಧ ವಾಪಸ್ ತರಬೇಕಾ, ಪೂರ್ತಿಯಾ? ಇದನ್ನು ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲೇ ನೋಡಬೇಕು. ಕೆಲವು ಗಾಡಿಗಳಿಗೆ ಅರ್ಧ ಸಾಕು ಅಂತ ಬರೆದಿರುತ್ತದೆ, ಕೆಲವಕ್ಕೆ ಪೂರ್ತಿ. ಇಂಥ ಹಿಚ್ ಬಳಸಲೇಬಾರದು ಅನ್ನುವ ಗಾಡಿಗಳೂ ಇವೆ. ಪೂರ್ತಿ ಅಂದರೂ ಮುಂಭಾಗ ಅದರ ಮೂಲ ಎತ್ತರಕ್ಕೆ ಬರಬೇಕು ಅಷ್ಟೆ. ಅದಕ್ಕಿಂತ ಕೆಳಗೆ ಯಾವತ್ತೂ ಇಳಿಯಬಾರದು.

ನೀವು ಕೇಳಿದ ಹಾಗೆ ಹಿಂಭಾಗ ಪೂರ್ತಿ ಏಳುವವರೆಗೆ ಬಿಗಿ ಮಾಡಿದರೆ ಆಗುವುದು ಅದೇ. ಮುಂದೆ ಭಾರ ಜಾಸ್ತಿಯಾಗುತ್ತದೆ, ಹಿಂದಿನ ಚಕ್ರಗಳು ಹಗುರವಾಗುತ್ತವೆ. ಒದ್ದೆ ರಸ್ತೆಯ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಟ್ರೇಲರ್ ಹಿಂದಿನಿಂದ ದೂಡುತ್ತದೆ. ಹಿಡಿತ ಕಳೆದುಕೊಂಡ ಹಿಂದಿನ ಚಕ್ರಗಳು ಪಕ್ಕಕ್ಕೆ ಜಾರುತ್ತವೆ. ಗಾಡಿ, ಟ್ರೇಲರ್ ಎರಡೂ ಮಡಚಿಕೊಳ್ಳುವ ಅಪಾಯ ಇಲ್ಲಿದೆ. ನಾನು ಮೊದಲ ಸಲ ಹಿಚ್ ಕೂರಿಸಿದಾಗ ಹಿಂದಿನ ಬಂಪರ್ ನೋಡಿಯೇ ಬಿಗಿ ಮಾಡಿದ್ದೆ. ಮಳೆಯಲ್ಲಿ ಒಂದು ಇಳಿಜಾರಿನ ತಿರುವು ದಾಟುವಾಗ ಹಿಂಭಾಗ ಸರಿದದ್ದು ಇವತ್ತಿಗೂ ನೆನಪಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಳತೆಗೆ ಸಮತಟ್ಟಾದ ನೆಲ ಬೇಕು. ಗಾಡಿ ಮತ್ತು ಟ್ರೇಲರ್ ಒಂದೇ ನೇರದಲ್ಲಿ ನಿಂತಿರಬೇಕು. ಟೈರುಗಳ ಗಾಳಿ ಸರಿ ಇರಲಿ. ಎರಡರಲ್ಲೂ ಪ್ರಯಾಣದ ದಿನ ಇರುವಷ್ಟೇ ಸಾಮಾನು, ನೀರು, ಇಂಧನ, ಗ್ಯಾಸ್ ಸಿಲಿಂಡರ್ ಇರಲಿ. ಖಾಲಿ ಟ್ರೇಲರ್ ಇಟ್ಟುಕೊಂಡು ಮಾಡಿದ ಹೊಂದಿಕೆ ತುಂಬಿದ ಟ್ರೇಲರ್‌ಗೆ ಉಪಯೋಗಕ್ಕೆ ಬರುವುದಿಲ್ಲ. ಗಾಡಿಗೆ ತಾನಾಗಿ ಎತ್ತರ ಸರಿಮಾಡಿಕೊಳ್ಳುವ ಏರ್ ಸಸ್ಪೆನ್ಷನ್ ಇದ್ದರೆ, ಆ ಹೊತ್ತಿಗೆ ಅದನ್ನು ಏನು ಮಾಡಬೇಕು ಅಂತ ಮ್ಯಾನುಯಲ್ ನೋಡಿ.

ಮೊದಲು ಟ್ರೇಲರನ್ನು ಜ್ಯಾಕ್ ಮೇಲೆ ಮಟ್ಟವಾಗಿ ನಿಲ್ಲಿಸಿ ಕಪ್ಲರ್ (ಬಾಲ್ ಮೇಲೆ ಕೂರುವ ಟ್ರೇಲರ್‌ನ ಮೂತಿ) ಎತ್ತರ ಅಳೆಯಿರಿ. ಭಾರ ಬಿದ್ದಾಗ ಬಾಲ್ ಸ್ವಲ್ಪ ತಗ್ಗುತ್ತದೆ. ಹಾಗಾಗಿ ಶುರುವಿನಲ್ಲಿ ಬಾಲ್ ಕಪ್ಲರ್‌ಗಿಂತ ತುಸು ಮೇಲಿರಬೇಕು. ಎಷ್ಟು ಮೇಲೆ ಅನ್ನುವುದು ಹಿಚ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ಆಮೇಲೆ ಮೂರು ಅಳತೆ. ಮುಂದಿನ ಚಕ್ರದ ನಡುವಿನ ನೇರಕ್ಕೆ, ನೆಲದಿಂದ ಚಕ್ರದ ಮೇಲಿನ ಕಮಾನಿನ ಅಂಚಿನವರೆಗೆ ಅಳೆಯಿರಿ. ಟ್ರೇಲರ್ ಕೂರಿಸದೆ 90 ಸೆಂಟಿಮೀಟರ್ ಬಂತು ಅನ್ನಿ. ಟ್ರೇಲರ್ ಕೂರಿಸಿ, ಬಾರ್ ಹಾಕದೆ, ಜ್ಯಾಕ್‌ನ ಕಾಲು ನೆಲ ಬಿಟ್ಟು ಪೂರ್ತಿ ಮೇಲೆ ಬಂದಾಗ 93 ಬಂತು. ನಿಮ್ಮ ಮ್ಯಾನುಯಲ್ ಅರ್ಧ ಅಂದಿದ್ದರೆ ಬಾರ್ ಹಾಕಿದ ಮೇಲೆ 91.5 ಬರಬೇಕು. ಪೂರ್ತಿ ಅಂದಿದ್ದರೆ 90. ಮೂರನ್ನೂ ಬರೆದಿಡಿ.

ಬಾರ್ ಹಾಕುವ ಹೊತ್ತಲ್ಲಿ ಅವಸರ ಬೇಡ. ಕಪ್ಲರ್ ಲಾಕ್ ಆಗಿದೆ ಅಂತ ಖಾತ್ರಿ ಮಾಡಿಕೊಂಡು, ಟ್ರೇಲರ್‌ನ ಜ್ಯಾಕ್‌ನಿಂದ ಕಪ್ಲರ್ ಮತ್ತು ಗಾಡಿಯ ಹಿಂಭಾಗವನ್ನು ಒಟ್ಟಿಗೇ ಎತ್ತಿ. ಆಗ ಬಾರ್‌ಗಳು ಸಡಿಲವಾಗಿ ಸುಲಭವಾಗಿ ಕೂರುತ್ತವೆ. ಜ್ಯಾಕ್ ಇಳಿಸಿದಾಗ ಬಿಗಿ ಬರುತ್ತದೆ. ಬಿಗಿ ಬಂದ ಬಾರ್‌ನಲ್ಲಿ ಕೈಕಾಲು ಮುರಿಯುವಷ್ಟು ಬಲ ಅಡಗಿರುತ್ತದೆ. ಮುಖ, ಕಾಲು ಅದರ ದಾರಿಯಲ್ಲಿ ಇರಬಾರದು. ಹಿಚ್ ಜೊತೆ ಕೊಟ್ಟ ಉದ್ದದ ಹಿಡಿಯನ್ನೇ ಬಳಸಿ. ಬಿಚ್ಚುವಾಗಲೂ ಮೊದಲು ಜ್ಯಾಕ್‌ನಿಂದ ಎತ್ತಿ, ಆಮೇಲೆ ಬಾರ್ ಮುಟ್ಟಿ.

ಬಿಗಿ ಸಾಲದಿದ್ದರೆ ಚೈನ್‌ನ ಒಂದು ಕೊಂಡಿ ಮೇಲಕ್ಕೆ ಹಾಕಿ ಮತ್ತೆ ಅಳೆಯಿರಿ. ಎರಡೂ ಕಡೆ ಕೊಂಡಿಗಳ ಲೆಕ್ಕ ಒಂದೇ ಇರಲಿ. ಆದರೆ ಚೈನ್ ತೀರಾ ಗಿಡ್ಡವಾಗುವವರೆಗೆ ಎಳೆಯಬೇಡಿ. ತಿರುವಿನಲ್ಲಿ ಬಾರ್ ಆಚೀಚೆ ಸರಿಯಲು ಚೈನ್‌ಗೆ ಉದ್ದ ಬೇಕು, ಕನಿಷ್ಠ ಎಷ್ಟು ಕೊಂಡಿ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಅಷ್ಟಕ್ಕೂ ಸಾಲದಿದ್ದರೆ ಹಿಚ್‌ನ ತಲೆಯನ್ನು ಇನ್ನೊಂದಿಷ್ಟು ಹಿಂದಕ್ಕೆ ಬಾಗಿಸಬೇಕು. ಆಗ ಬಾರ್‌ಗಳ ತುದಿ ಕೆಳಗೆ ಹೋಗುತ್ತದೆ, ಅದೇ ಕೊಂಡಿಯಲ್ಲೇ ಹೆಚ್ಚು ಬಿಗಿ ಸಿಗುತ್ತದೆ. ಕೊನೆಗೆ ಟ್ರೇಲರ್ ಮಟ್ಟವಾಗಿ ಅಥವಾ ಮೂತಿ ಒಂದು ಕೂದಲೆಳೆ ಕೆಳಗಾಗಿ ನಿಲ್ಲಬೇಕು. ಮೂತಿ ಮೇಲಕ್ಕಿದ್ದರೆ ಬಾಲ್‌ನ ಎತ್ತರಕ್ಕೇ ವಾಪಸ್ ಹೋಗಿ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ಹಿಂಭಾಗ ಕುಸಿಯುತ್ತದೆ ಅಂತ ಕೆಲವರು ಸಾಮಾನನ್ನೆಲ್ಲ ಟ್ರೇಲರ್‌ನ ಹಿಂದಕ್ಕೆ ತಳ್ಳುತ್ತಾರೆ. ಕುಸಿತ ಕಡಿಮೆಯಾಗುತ್ತದೆ ನಿಜ, ಆದರೆ ಟ್ರೇಲರ್ ಹಿಂಭಾರ ಆಗುತ್ತದೆ. ತುಂಬಿದ ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಬಾಲ್ ಮೇಲೆ ಬೀಳಬೇಕು. 2,500 ಕೆಜಿ ಟ್ರೇಲರ್‌ಗೆ 250ರಿಂದ 375 ಕೆಜಿ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಬಾರ್ ಎಷ್ಟೇ ಬಿಗಿ ಮಾಡಿದರೂ ಆ ತಪ್ಪು ಸರಿಹೋಗುವುದಿಲ್ಲ. ನೀರಿನ ಟ್ಯಾಂಕ್ ಎಲ್ಲಿದೆ ಅಂತಲೂ ನೋಡಿ. ಆಕ್ಸಲ್‌ನ ಹಿಂದೆ ಇದ್ದರೆ ಅದು ತುಂಬಿದಷ್ಟೂ ಬಾಲ್ ಮೇಲಿನ ಭಾರ ಇಳಿಯುತ್ತದೆ.

ಟೇಪಿನ ಅಳತೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೂ ಒಮ್ಮೆ ವೇ ಬ್ರಿಡ್ಜ್‌ಗೆ ಹೋಗಿ ಬನ್ನಿ. ಗಾಡಿ ಮಾತ್ರ, ಬಾರ್ ಇಲ್ಲದೆ ಟ್ರೇಲರ್ ಜೊತೆ, ಬಾರ್ ಹಾಕಿ, ಹೀಗೆ ಮೂರು ಸಲ ಆಕ್ಸಲ್‌ವಾರು ತೂಗಿಸಿ. ಗಾಡಿಯ ಹಿಂದಿನ ಆಕ್ಸಲ್ ಮತ್ತು ಟೈರುಗಳ ಮಿತಿ ದಾಟಿದೆಯಾ ಅನ್ನುವುದು ಟೇಪಿನಿಂದ ಗೊತ್ತಾಗುವುದಿಲ್ಲ. ರಿಸೀವರ್ (ಹಿಚ್ ಸಿಕ್ಕಿಸುವ, ಗಾಡಿಗೆ ಕೂರಿಸಿದ ಚೌಕದ ಕೊಳವೆ) ಮೇಲಿನ ಚೀಟಿಯನ್ನೂ ಓದಿ. ಬಾರ್ ಇಲ್ಲದೆ ಎಷ್ಟು, ಬಾರ್ ಹಾಕಿದರೆ ಎಷ್ಟು ಅಂತ ಅದರಲ್ಲಿ ಬೇರೆ ಬೇರೆ ಮಿತಿ ಇರುತ್ತದೆ.

ಮೊದಲ ಸಲ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ. ಹಿಚ್‌ನ ಬೋಲ್ಟ್‌ಗಳನ್ನು, ಬಾಲ್‌ನ ನಟ್ಟನ್ನು ಪುಸ್ತಕದಲ್ಲಿ ಹೇಳಿದ ಟಾರ್ಕ್‌ಗೆ ಮತ್ತೆ ಬಿಗಿ ಮಾಡಿ. ಸಸ್ಪೆನ್ಷನ್ ಅಷ್ಟು ಹೊತ್ತಿಗೆ ಕೂತಿರುತ್ತದೆ, ಮುಂದಿನ ಚಕ್ರದ ಎತ್ತರವನ್ನು ಇನ್ನೊಮ್ಮೆ ಅಳೆದು, ಬರೆದಿಟ್ಟ ಲೆಕ್ಕದ ಜೊತೆ ಹೋಲಿಸಿ.